ಪಾರ್ವತಮ್ಮ ತೊಳೆದಿಟ್ಟ ಬಾಣಗಳು

ಆಯುಧಪೂಜೆ ಕಳೆದ ಮೂರನೆಯ ದಿನ ಬೆಳಿಗ್ಗೆ ಗುಮ್ಮಳಾಪುರದ ಆ ಹೊಲದ ಬದು ಹತ್ತಿ ನಿಂತ ಸ್ಮೃತಿಗೆ ಮೊದಲು ಅನ್ನಿಸಿದ್ದು, ತಾನು ಬೇರೆ ಯಾರದೋ ಹೊಲಕ್ಕೆ ಬಂದುಬಿಟ್ಟಿದ್ದೇನೆ ಎಂದು. ಬೋರ್‌ವೆಲ್ಲಿನ ಶೆಡ್ಡು ಅದೇ. ಆಚೆ ಮೂಲೆಯ ಹೊಂಗೆ ಮರ ಅದೇ. ಕೋಸು ಕಿತ್ತ ಮೇಲೆ ಉತ್ತು ಬಿಟ್ಟಿದ್ದ ಕೆಂಪು ಮಣ್ಣೂ ಅದೇ. ಆದರೆ ಬಾವುಟಗಳಿರಲಿಲ್ಲ. ಹಬ್ಬದ ರಜೆಗೆ ಹೋಗುವಾಗ ಒಂದೂವರೆ ಎಕರೆ ತುಂಬ ನೂರ ನಲವತ್ತೆಂಟು ಕೆಂಪು ಬಟ್ಟೆಯ ಬಾವುಟಗಳನ್ನು ನೆಟ್ಟು ಹೋಗಿದ್ದಳು. ಈಗ ಕಣ್ಣಿಗೆ ಬಿದ್ದಷ್ಟು ದೂರ ಒಂದೂ ಇಲ್ಲ. ಹಬ್ಬದ ಸಂಜೆ ಹೊಡೆದ ಮಳೆಗೆ ಮಣ್ಣು ಒರೆಸಿಟ್ಟ ನೆಲದ ಹಾಗೆ ಸಮನಾಗಿ ಕೂತಿತ್ತು.

ಹತ್ತು ತಿಂಗಳ ಮಗಳನ್ನು ಆಲಸನತ್ತಂನ ಮನೆಯಲ್ಲಿ ಅತ್ತೆಯ ಕೈಗೆ ಕೊಟ್ಟು, ಬಾಗಿಲಲ್ಲಿ ಮೂರು ಸಲ ತಿರುಗಿ ನೋಡಿ, ಬಸ್ಸು ಹತ್ತಿ ಬಂದವಳು ಅವಳು. ಮಗುವಿನ ಮೂಗು ಸೋರುತ್ತಿದೆ, ಅತ್ತೆ ಫ್ಯಾನು ಹಾಕುತ್ತಾರೋ ಏನೋ ಎಂಬ ಚಿಂತೆಯಲ್ಲೇ ದಾರಿ ಸವೆದಿತ್ತು. ಆ ಚಿಂತೆಯೆಲ್ಲ ಈಗ ಒಂದೇ ಏಟಿಗೆ ಹಾರಿಹೋಯಿತು.

ಹಳೆಯ ಕಾಳಗಗಳನ್ನು ಕಬ್ಬಿಣದ ಚೂರುಗಳಿಂದ ಓದುವುದು ಸ್ಮೃತಿಯ ಓದು. ಐನೂರು ಆರುನೂರು ವರ್ಷಗಳ ಹಿಂದೆ, ಕನ್ನಡ, ತೆಲುಗು, ತಮಿಳು ಕೂಡುವ ಈ ಗಡಿಯಲ್ಲಿ ಯಾರೋ ಯಾರ ಮೇಲೋ ಬಿದ್ದಿದ್ದರು. ಕೆರೆ ಏರಿಯ ಮೇಲೆ ನಿಂತ ಮೂರು ವೀರಗಲ್ಲುಗಳನ್ನು ಬಿಟ್ಟರೆ ಅದರ ಸುದ್ದಿ ಹೇಳುವ ಒಂದು ಸಾಲು ಬರಹವೂ ಇಲ್ಲ. ಆದರೆ ಬಿಟ್ಟ ಬಾಣದ ಮೊನೆ ಬಿದ್ದಲ್ಲೇ ಉಳಿಯುತ್ತದೆ. ನೇಗಿಲು ಒಂದೆರಡು ಮಾರು ಅತ್ತಿತ್ತ ಎಳೆದರೂ ಗುಂಪು ಗುಂಪಾಗಿಯೇ ಇರುತ್ತದೆ. ಯಾವ ಮೊನೆ ಎಲ್ಲಿ ಬಿತ್ತು ಎಂದು ನಕ್ಷೆ ಬರೆದರೆ ಯಾರು ಎಲ್ಲಿ ನಿಂತಿದ್ದರು, ಯಾರು ಯಾವ ಕಡೆಗೆ ಓಡಿದರು ಎಂಬುದು ತಾನಾಗಿ ಮೂಡುತ್ತದೆ. ಅದಕ್ಕೇ ಲೋಹ ಹುಡುಕುವ ಡಿಟೆಕ್ಟರ್ ಕೂಗಿದ ಕಡೆಯೆಲ್ಲ ಬಾವುಟ ನೆಟ್ಟಿದ್ದಳು. ಮೊದಲ ದಿನದ ಮೂವತ್ತನ್ನು ಮಾತ್ರ ಮಣ್ಣು ಸರಿಸಿ, ಫೋಟೋ ತೆಗೆದು, ಅಳತೆ ಬರೆದುಕೊಂಡು, ಇಡುವ ಪೆಟ್ಟಿಗೆ ಇನ್ನೂ ಬಂದಿರಲಿಲ್ಲವೆಂದು ಮತ್ತೆ ಮುಚ್ಚಿದ್ದಳು. ಮಿಕ್ಕದ್ದನ್ನು ಅಳೆಯುವ ಯಂತ್ರ ಹಬ್ಬ ಮುಗಿದ ಮೇಲೆ ಬರಬೇಕಿತ್ತು. ಬಾಣಂತನಕ್ಕೆಂದು ಒಂದು ವರ್ಷ ಕಳೆದುಕೊಂಡವಳಿಗೆ ವಿಶ್ವವಿದ್ಯಾಲಯ ಮಾರ್ಚ್‌ವರೆಗೆ ಗಡುವು ಕೊಟ್ಟಿತ್ತು. ಈ ನಕ್ಷೆ ಇಲ್ಲದಿದ್ದರೆ ಪಿಎಚ್‌ಡಿ ಇಲ್ಲ, ಅಷ್ಟೇ.

"ಬಂದ್ಯಾ ಮಗಾ?"

ಹಿಂದಿನಿಂದ ಧ್ವನಿ ಬಂತು. ಹೊಲದೊಡೆಯ ಅಶ್ವತ್ಥಪ್ಪನ ಹೆಂಡತಿ ಪಾರ್ವತಮ್ಮ. ಅರವತ್ತರ ಆಸುಪಾಸಿನ ಸಣ್ಣ ಆಳು, ಎತ್ತಿ ಸಿಕ್ಕಿಸಿದ ಸೀರೆ, ಮುಖದ ತುಂಬ ನಗು.

"ಗಾಬ್ರಿ ಆಗ್ಬ್ಯಾಡ. ನಿನ್ ಸಾಮಾನೆಲ್ಲ ಜ್ವಾಪಾನವಾಗಿ ಮಡಗಿದ್ದೀನಿ. ಬಾ."

ಮನೆಯ ನಡುಮನೆಯಲ್ಲಿ, ದೇವರ ಪಟದ ಕೆಳಗೆ, ಒಂದು ಬಿದಿರು ಬುಟ್ಟಿ. ಅದರಲ್ಲಿ ಹುಣಸೆಹಣ್ಣು ಬೂದಿ ಹಾಕಿ ತಿಕ್ಕಿ, ಬಿಸಿಲಿಗೆ ಒಣಗಿಸಿ, ಕೊಬ್ಬರಿ ಎಣ್ಣೆ ಸವರಿದ ಬಾಣದ ಮೊನೆಗಳು, ಕತ್ತಿಯ ಮುರುಕುಗಳು, ಯಾವುದೋ ಕವಚದಿಂದ ಕಳಚಿದ ಎರಡು ಬಿಲ್ಲೆಗಳು. ಒಂದೊಂದಕ್ಕೂ ಅರಿಸಿನ, ಕುಂಕುಮ. ಮೇಲೆ ಬಾಡಿದ ಚೆಂಡುಹೂ. ಪಕ್ಕದಲ್ಲಿ ದಾರ ಸುತ್ತಿ ಕಟ್ಟಿದ ಬಾವುಟಗಳ ಕಂತೆ.

ಸ್ಮೃತಿ ಬುಟ್ಟಿಯ ಮುಂದೆ ಕೂತಳು.

"ಏನಮ್ಮಾ ಇದು? ಏನ್ಮಾಡಿಬಿಟ್ರಿ?"

"ಪೂಜೆ ಮಾಡ್ದೆ ಕಣವ್ವ. ನೀವು ಗುರ್ತಿಗೆ ಬಾವುಟ ನೆಟ್ಟು ಹೋಗ್ಬುಟ್ರಿ, ತೆಗ್ಯಾಕೆ ಪುರುಸೊತ್ತಾಗ್ಲಿಲ್ಲ ಅಂತ ಕಾಣ್ತದೆ. ಆಯುಧಪೂಜೆ ದಿನ ಕಬ್ಬಿಣ ಮಣ್ಣಾಗೆ ಬಿದ್ದಿರಬಾರ್ದು. ಗೊತ್ತಿಲ್ದಿದ್ರೆ ಚಿಂತಿಲ್ಲ. ಐತೆ ಅಂತ ಗೊತ್ತಿದ್ದೂ ಬುಟ್ರೆ ಮನೆಗೊಳ್ಳೇದಲ್ಲ. ನಮ್ಮತ್ತೆ ಕಾಲ್ದಿಂದ್ಲೂ ಹಂಗೇಯ. ಅದಕ್ಕೆ ಹಿಂದಿನ್ ದಿನ ಹೊತ್ತು ಹುಟ್ಟೋವಾಗ್ಲೇ ಕೂತ್ಕಂಡು ಒಂದೊಂದೇ ಕಿತ್ತೆ. ಗುಣಿ ಎಲ್ಲ ಮುಚ್ಚಿ ತುಳ್ದಿದ್ದೀನಿ, ಹೊಲ ಹಾಳು ಮಾಡಿಲ್ಲ."

ಜಗುಲಿಯಿಂದ ಅಶ್ವತ್ಥಪ್ಪ ಒಳಗಿಣುಕಿದ. "ನಾ ಬಡ್ಕಂಡೆ ಕಣಮ್ಮ, ಬ್ಯಾಡ ಕಣೇ, ಅವ್ರು ಏನೋ ಲೆಕ್ಕಾಚಾರ ಹಾಕವ್ರೆ ಅಂತ. ಈ ಮನ್ಯಾಗೆ ನನ್ ಮಾತು ನಾಯೂ ಕೇಳಾಕಿಲ್ಲ."

"ಬಡ್ಕಂಡ್ಯಾ? ಹುಣ್ಸೇಹಣ್ಣು ಕಿವುಚಿ ಕೊಟ್ಟೋನು ಯಾರು, ನಿಮ್ಮಪ್ಪನಾ?"

ಅಶ್ವತ್ಥಪ್ಪನ ತಲೆ ಹೊರಕ್ಕೆ ಹೋಯಿತು.

ಸ್ಮೃತಿ ಅಂಗಳಕ್ಕೆ ಬಂದು ಗೈಡ್ ಮೂರ್ತಿ ಸರ್‌ಗೆ ಫೋನು ಮಾಡಿ ಆದದ್ದನ್ನು ಹೇಳಿದಳು.

"ಎಲ್ಲಾನೂ?"

"ಎಲ್ಲಾನೂ ಸರ್. ಹುಣಸೆಹಣ್ಣು ಹಾಕಿ ತೊಳೆದಿದ್ದಾರೆ."

"ತೊಳೆದದ್ದು ಹೋಗಲಿ. ಜಾಗ ಹೋಯಿತಲ್ಲಮ್ಮ. ಇನ್ನು ಅಲ್ಲಿ ಒಂದು ಬುಟ್ಟಿ ಕಬ್ಬಿಣ ಇದೆ, ಒಂದು ಹೊಲ ಇದೆ. ಯುದ್ಧ ಇಲ್ಲ." ಅವರು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಎನ್ನಿಸಿತು ಅವಳಿಗೆ.

ಫೋನು ಇಡುವಷ್ಟರಲ್ಲಿ ಅತ್ತೆ ಭಾಗೀರಥಮ್ಮನವರ ಕರೆ. "ಸ್ಮೃತೀ, ಪುಟ್ಟಿ ರಾಗಿ ಸರಿ ಉಗೀತಿದಾಳೆ ಕಣೇ. ಬಾಳೆಹಣ್ಣು ಕೊಡ್ಲಾ? ಶೀತ ಆಗತ್ತೇನೋ ಅಂತ ಯೋಚನೆ." ಕೊಡಿ ಎಂದಳೋ ಬೇಡ ಎಂದಳೋ ಅವಳಿಗೇ ನೆನಪಿಲ್ಲ. ಅಳು ಬಂದುಬಿಟ್ಟಿತು.

ಪಾರ್ವತಮ್ಮ ಅಳುವವಳ ಎದುರು ಕುಕ್ಕರಗಾಲಲ್ಲಿ ಕೂತಳು. ನಗು ಮಾಯವಾಗಿತ್ತು. "ನಾನೇನ್ ತಪ್ಪು ಮಾಡ್ದೆ ಅಂತ ಹೇಳವ್ವ. ಹೇಳ್ದೆ ಅತ್ರೆ ನನಗೆಂಗೆ ಗೊತ್ತಾಗ್ತದೆ?"

"ಯಾವುದು ಎಲ್ಲಿತ್ತು ಅನ್ನೋದೇ ಬೇಕಿತ್ತಮ್ಮ ನನಗೆ. ವಸ್ತು ಅಲ್ಲ, ಜಾಗ."

"ಎಲ್ಲಿತ್ತು ಅಂತ ಗೊತ್ತಾಗ್ಬೇಕು. ಅಷ್ಟೇಯಾ?"

ಪಾರ್ವತಮ್ಮ ಒಳಗೆ ಹೋಗಿ ಬುಟ್ಟಿ ತಂದಳು. ಮೇಲಿನದೊಂದನ್ನು ಎತ್ತಿ ಬೆರಳಲ್ಲಿ ತಿರುಗಿಸಿದಳು. "ಇದು ಎಮ್ಮೆ ಜಾರಿದ್ ತಾವಿಂದು. ಇದು ನೋಡು, ಮೂಗು ಮುರ್ದಿರಾದು, ಇದು ಬೋರ್ ಪೈಪಿಂದ ನಾಕು ಹೆಜ್ಜೆ ಈಚೆ. ಇವೆಲ್ಡೂ ಜೊತೇಲಿದ್ವು, ಉಪ್ಪುಮಣ್ಣಿನ್ ಪಟ್ಟೇಲಿ." ಇನ್ನೊಂದನ್ನು ಎತ್ತಿ ಸ್ವಲ್ಪ ಹೊತ್ತು ನೋಡಿ ಪಕ್ಕಕ್ಕಿಟ್ಟಳು. "ಇದು ಗೊತ್ತಿಲ್ಲ."

ಆ 'ಗೊತ್ತಿಲ್ಲ' ಎಂಬ ಮಾತಿಗೆ ಸ್ಮೃತಿಯ ಅಳು ನಿಂತಿತು. ಸುಳ್ಳು ಸಮಾಧಾನ ಹೇಳುವವರು ಗೊತ್ತಿಲ್ಲ ಎನ್ನುವುದಿಲ್ಲ. ಆದರೂ ನಂಬಿಕೆ ಬರಲಿಲ್ಲ. ಅಳತೆ ಬರೆದಿಟ್ಟಿದ್ದ ಮೊದಲ ಮೂವತ್ತು ತುಂಡುಗಳನ್ನು ಫೋಟೋ ನೋಡಿ ಬುಟ್ಟಿಯಿಂದ ಆರಿಸಿದಳು. ಹಾಳೆಯನ್ನು ಚೀಲದಲ್ಲಿ ಮುಚ್ಚಿಟ್ಟು, "ಇವನ್ನೆಲ್ಲ ಇದ್ದ ಕಡೆಯೇ ಇಡಿ ನೋಡೋಣ" ಎಂದಳು.

ಪಾರ್ವತಮ್ಮ ಹೊಲಕ್ಕಿಳಿದಳು. ನಾಲ್ಕನ್ನು ಗೊತ್ತಿಲ್ಲ ಎಂದು ಮಡಿಲಲ್ಲೇ ಉಳಿಸಿಕೊಂಡಳು. ಇಪ್ಪತ್ತಾರನ್ನು ಇಟ್ಟಳು. ಸ್ಮೃತಿ ಟೇಪು ಹಿಡಿದು ಒಂದೊಂದಾಗಿ ಅಳೆದಳು. ಇಪ್ಪತ್ತೊಂದು ಒಂದು ಮೊಳದೊಳಗೆ ಬಂದವು. ನಾಲ್ಕು ಎರಡು ಮಾರು ಹೆಚ್ಚುಕಮ್ಮಿ. ಒಂದೇ ಒಂದು ಪೂರ್ತಿ ತಪ್ಪು. ಎರಡನೆಯ ಸಲ ಅಳೆದಳು, ಮೂರನೆಯ ಸಲ ಅಳೆದಳು.

"ಹೆಂಗಮ್ಮಾ? ಹೆಂಗೆ ನೆನಪಿರತ್ತೆ ನಿಮಗೆ?"

"ನೆಪ್ಪೇನ್ ಬಂತು? ನಿಮ್ಮನೆ ಅಡುಗೆಮನ್ಯಾಗೆ ಸಾಸ್ವೆ ಡಬ್ಬಿ ಎಲ್ಲೈತೆ ಅಂತ ನೆಪ್ಪು ಮಡಿಕಂಡಿರ್ತೀಯಾ?"

ಅವತ್ತು ಮತ್ತು ಮರುದಿನ ಇಬ್ಬರೂ ಹೊಲದಲ್ಲೇ ಕಳೆದರು. ಪಾರ್ವತಮ್ಮ ಇಡುತ್ತಾ ಹೋದಳು, ಸ್ಮೃತಿ ಬಾವುಟ ನೆಡುತ್ತಾ ಹೋದಳು. ಇಡುವ ಪ್ರತಿ ಜಾಗಕ್ಕೂ ಒಂದು ಗುರುತಿತ್ತು. ಆ ಗುರುತುಗಳಲ್ಲೇ ಪಾರ್ವತಮ್ಮನ ಬದುಕು ಸ್ಮೃತಿಗೆ ತಿಳಿಯುತ್ತಾ ಬಂತು. ತಳಿ ಎಂಬ ಊರಿನ ಕಡೆಯ ಹಳ್ಳಿಯಿಂದ ಹದಿನಾರಕ್ಕೆ ಮದುವೆಯಾಗಿ ಬಂದದ್ದು, ಮಾರನೆಯ ದಿನವೇ ಅತ್ತೆ ಚಿಕ್ಕತಾಯಮ್ಮ ಕಳೆಗುದ್ದಲಿ ಕೈಗೆ ಕೊಟ್ಟು ಈ ಪಟ್ಟೆಯಲ್ಲಿ ಕೂರಿಸಿದ್ದು. ಹುರುಳಿ ಹೋಗಿ ಟೊಮೇಟೊ ಬಂದದ್ದು, ಟೊಮೇಟೊ ಹೋಗಿ ಕೋಸು, ಚೆಂಡುಹೂ ಬಂದದ್ದು. ಮಗ ಕೆಂಪರಾಜು ಮೂಕಂಡಪಲ್ಲಿಯ ಫ್ಯಾಕ್ಟರಿಗೆ ಸೇರಿದ ಮೇಲೆ ಹೊಲದ ಕೆಲಸವೆಲ್ಲ ತನ್ನೊಬ್ಬಳ ಸೊಂಟಕ್ಕೇ ಬಿದ್ದದ್ದು. ಮನೆಯಲ್ಲಿ ಕನ್ನಡ, ಹೂವಿನ ಮಂಡಿಯಲ್ಲಿ ತೆಲುಗು, ತಾಲ್ಲೂಕಾಫೀಸಿನಲ್ಲಿ ತಮಿಳು. "ಮೂರು ಭಾಷೇಲೂ ಬೈಸ್ಕಂಡಿದ್ದೀನಿ, ಮೂರು ಭಾಷೇಲೂ ಬೈದಿದ್ದೀನಿ" ಎಂದು ನಕ್ಕಳು. ಕಳೆ ಕೀಳುವಾಗ ಸಿಕ್ಕ ಕಬ್ಬಿಣವನ್ನೆಲ್ಲ ಕಮ್ಮಾರ ಹನುಮಯ್ಯನಿಗೆ ಕೊಟ್ಟು ಕುಡುಗೋಲು ಮಾಡಿಸಿಕೊಂಡಿದ್ದಾಳಂತೆ. ಇಲ್ಲಿಯವರೆಗೆ ಐದೋ ಆರೋ ಕುಡುಗೋಲು.

ಸ್ಮೃತಿ ಲೆಕ್ಕ ಹಾಕಿ ದಂಗಾದಳು. ಐದಾರು ಕುಡುಗೋಲು ಎಂದರೆ ಎಷ್ಟು ಬಾಣ? ಇಷ್ಟು ವರ್ಷಗಳಲ್ಲಿ ಅರ್ಧ ಯುದ್ಧವೇ ಕುಲುಮೆಗೆ ಹೋಗಿದೆ. ಅದಕ್ಕಿಂತ ಹೆಚ್ಚಾಗಿ ಅವಳನ್ನು ಚುಚ್ಚಿದ್ದು ಬೇರೆ. ಹೊಲದ ಪಟ್ಟಾ ಪತ್ರ ನೋಡಿ ತಾವು ಅಶ್ವತ್ಥಪ್ಪನ ಸಹಿ ತೆಗೆದುಕೊಂಡಿದ್ದರು. ಹೊಲದಲ್ಲಿ ನಲವತ್ತು ವರ್ಷ ಬಗ್ಗಿದವಳಿಗೆ ಇಲ್ಲಿ ಏನು ಹುಡುಕುತ್ತಿದ್ದೇವೆ ಎಂದು ಒಂದು ಮಾತು ಹೇಳಿರಲಿಲ್ಲ.

ಎರಡನೆಯ ದಿನ ಮಧ್ಯಾಹ್ನ ಪಾರ್ವತಮ್ಮ ಬುಟ್ಟಿಯ ತಳದಿಂದ ಒಂದನ್ನೆತ್ತಿ ಕೇಳಿಯೇಬಿಟ್ಟಳು. "ಅಲ್ಲ ಕಣವ್ವ, ಗಾಡಿ ಮೊಳೆಗೆ ಯಾಕಿಂಗೆ ಗೋಳಾಡ್ತೀಯ? ಕೂಸ್ನ ಬುಟ್ಟು ಬಿಸ್ಲಾಗೆ ಬೇಯ್ತಾ ಇದ್ದೀಯ."

"ಮೊಳೆ ಅಲ್ಲಮ್ಮ. ಬಾಣದ ಮೊನೆ ಇವು. ಈ ಅಗಲದ್ದು ಮೈ ಸೀಳೋಕೆ. ಈ ಸಣ್ಣದು, ಸೂಜಿ ಥರದ್ದು, ಕವಚ ತೂರಿ ಒಳಗೆ ಹೋಗೋಕೆ. ಇಲ್ಲೊಂದು ದೊಡ್ಡ ಕಾಳಗ ಆಗಿದೆ. ಬಹಳ ಜನ ಸತ್ತಿದ್ದಾರೆ."

ಪಾರ್ವತಮ್ಮನ ಕೈಯಲ್ಲಿದ್ದದ್ದು ಕೆಳಗೆ ಬಿತ್ತು.

"ಜನಾನ ಸಾಯ್ಸಿದ್ ಕಬ್ಬಿಣಾವಾ?"

"ಹೌದಮ್ಮ."

"ಎಲ್ಲಾನೂವಾ?"

"ಹೆಚ್ಚುಕಮ್ಮಿ ಎಲ್ಲಾನೂ."

ಪಾರ್ವತಮ್ಮ ಎರಡೂ ಅಂಗೈಗಳನ್ನು ಸೀರೆಗೆ ಒರೆಸಿಕೊಂಡಳು. ಮತ್ತೆ ಒರೆಸಿಕೊಂಡಳು. ಆಮೇಲೆ ಎದ್ದು ಬಡಗಣ ಬದುವಿನ ಕಡೆಗೆ ಬಿರಬಿರನೆ ನಡೆದಳು. ಸ್ಮೃತಿ ಹಿಂದೆಯೇ ಓಡಿದಳು.

ಹೊಂಗೆ ಮರದ ಹಿಂದೆ, ಬದುವಿನ ದಿಣ್ಣೆಯ ಆಚೆ ಮಗ್ಗುಲಿಗೆ, ಐದು ಕೆಂಪು ಬಾವುಟಗಳು ನೆಟ್ಟಂತೆಯೇ ನಿಂತಿದ್ದವು.

ಸ್ಮೃತಿಗೆ ಕುಣಿಯುವಷ್ಟು ಸಂತೋಷವಾಯಿತು. ಬುಟ್ಟಿಯಲ್ಲಿ ನೂರ ನಲವತ್ತಮೂರೇ ಇದ್ದದ್ದು ಅವಳಿಗೆ ಗೊತ್ತಿತ್ತು. ಬಾವುಟವೆಲ್ಲ ಹೋದವೆಂದುಕೊಂಡು ದಿಣ್ಣೆಯ ಈ ಮಗ್ಗುಲಿಗೆ ಬಂದೇ ಇರಲಿಲ್ಲ; ಈ ಐದು ಎಲ್ಲೋ ಬಿದ್ದುಹೋದವೆಂದು ಒಳಗೊಳಗೇ ಕೊರಗುತ್ತಿದ್ದಳು. ಏಕೆಂದರೆ ಇವೇ ಮುಖ್ಯವಾದವು. ಮಿಕ್ಕೆಲ್ಲ ಗುಂಪುಗಳಿಂದ ದೂರ, ಬದುವಿನ ಹಿಂದೆ, ಒಂದೇ ಕಡೆ ಐದು ಕೂಗು. ಒಂದು ಪಡೆ ಇಲ್ಲಿ ಅಡಗಿ ಕೂತು ಹಿಂದಿನಿಂದ ಮೇಲೆಬಿದ್ದಿದೆ ಎಂಬ ಅವಳ ವಾದವೆಲ್ಲ ನಿಂತಿದ್ದೇ ಈ ಐದರ ಮೇಲೆ. ಮುಂದಿನ ತಿಂಗಳ ವಿಚಾರಸಂಕಿರಣಕ್ಕೆ ಅದನ್ನೇ ತಲೆಬರಹ ಮಾಡಿ ಕಳಿಸಿದ್ದಳು.

"ಅಯ್ಯೋ, ಇವನ್ನ ನೀವು ನೋಡೇ ಇಲ್ವಾ! ದೇವರು ದೊಡ್ಡವನು ಕಣಮ್ಮ!"

"ನೋಡ್ದೆ ಕಣವ್ವ." ಪಾರ್ವತಮ್ಮನ ಧ್ವನಿ ಬೇರೆಯಾಗಿತ್ತು. "ನೋಡೇ ಮುಟ್ನಿಲ್ಲ. ಇವು ನಾನೇ ಮಡಗಿದ್ದು. ನಾನೂ ನಮ್ಮತ್ತೆನೂವೆ."

ಅವಳು ಅಲ್ಲೇ ನೆಲದ ಮೇಲೆ ಕೂತಳು. ನಿಂತ ಸ್ಮೃತಿಯ ಮುಖ ನೋಡದೆ, ಬಾವುಟಗಳನ್ನು ನೋಡುತ್ತಾ ಹೇಳಿದಳು.

"ನನ್ ಮೊದಲ್ನೇ ಕೂಸು. ಹೆಣ್ಣು. ಹನ್ನೊಂದ್ ದಿನ ಇತ್ತು. ಹೆಸ್ರಿಡದ ಕೂಸ್ನ ಸುಡುಗಾಡಿಗೆ ಒಯ್ಯಲ್ಲ ನಮ್ಮಲ್ಲಿ. ಇಲ್ಲೇ ಮಣ್ಣು ಮಾಡುದ್ರು. ನರಿ ಕೆದರಬಾರ್ದು, ಗಾಳಿ ಗೀಳಿ ಮುಟ್ಟಬಾರ್ದು ಅಂತ ನಮ್ಮತ್ತೆ ನಾಕು ಮೂಲೆಗೆ ನಾಕು ಕಬ್ಬಿಣ ಮಡಗಿದ್ಳು. ತಲೆ ಕಡೆ ಒಂದು. ಹೊಲ್ದಾಗೆ ಸಿಕ್ಕಿದ್ ಕಬ್ಬಿಣ ಒಂದು ಡಬ್ಬೀಲಿ ಇತ್ತು, ಅದ್ರಾಗಿಂದ ನಾನೇ ಎತ್ಕೊಟ್ಟೆ. ಚೂಪಾಗಿರಾವು ನೋಡಿ ಆರಿಸ್ದೆ. ಚೂಪಾಗಿದ್ರೆ ಚೆನ್ನಾಗಿ ಕಾಯ್ತದೆ ಅಂತ." ಬಾವುಟಗಳಿಂದ ಕಣ್ಣು ತೆಗೆದು ಸ್ಮೃತಿಯತ್ತ ತಿರುಗಿದಳು. "ಜನಾನ ತಿಂದಿರಾ ಕಬ್ಬಿಣಾನ ನನ್ ಕೂಸಿನ್ ತಲೆದೆಸೆಗೆ ಮಡಗ್ಬುಟ್ನಲ್ಲವ್ವ! ನಲವತ್ತೊಂದು ವರ್ಸ!"

ಈ ದಿಣ್ಣೆಯ ಮೇಲೆ ಸ್ಮೃತಿ ತಾನೇ ಡಿಟೆಕ್ಟರ್ ಆಡಿಸಿದ್ದಳು. ಐದು ಸಲ ಕೂಗಿದಾಗ ಖುಷಿಯಿಂದ ಚಪ್ಪಾಳೆ ತಟ್ಟಿದ್ದಳು. ಅವಳ ಎದೆಯಲ್ಲಿ ಹಾಲು ಬಿಗಿದು ನೋಯುತ್ತಿತ್ತು. ಇಲ್ಲಿಂದ ಎದ್ದು ಓಡಿಹೋಗಬೇಕು ಎನ್ನಿಸಿತು. ಓಡಲೂ ಆಗಲಿಲ್ಲ.

"ಇವು ಅವೇನಾ? ನಿನ್ ಮಿಸಿನ್ನು ಹೇಳ್ತದಲ್ಲ, ಹೇಳು. ಬಾಣವೇನಾ?"

ಅಲ್ಲ, ಬರೀ ಮೊಳೆ ಎಂದುಬಿಡಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಆದರೆ ಎರಡು ದಿನದಿಂದ ತನಗೆ 'ಗೊತ್ತಿಲ್ಲ' ಎಂದು ನೇರವಾಗಿ ಹೇಳಿದವಳ ಮುಂದೆ ಆ ಸುಳ್ಳು ಹೊರಡಲಿಲ್ಲ.

"ಮೆಷಿನ್ನಿಗೆ ಕಬ್ಬಿಣ ಅಂತ ಮಾತ್ರ ಗೊತ್ತಾಗತ್ತಮ್ಮ. ಏನು ಅಂತ ಗೊತ್ತಾಗಲ್ಲ. ತೆಗೆದು ನೋಡಿದರೇನೇ."

ಪಾರ್ವತಮ್ಮ ಸೊಂಟದಿಂದ ಕಳೆಗುದ್ದಲಿ ಎಳೆದಳು. ತಲೆಯ ಕಡೆಯ ಬಾವುಟದ ಬುಡಕ್ಕೆ ಬಗ್ಗಿದಳು. ಸ್ಮೃತಿ ಬೇಡ ಎಂದು ಕೈ ಹಿಡಿಯಲು ಹೋಗಿ, ಹಿಡಿಯದೆ, ಪಕ್ಕದಲ್ಲಿ ಕೂತಳು. ಆಳವೇನಿರಲಿಲ್ಲ, ಗೇಣಿನಷ್ಟು. ಪಾರ್ವತಮ್ಮ ಕಬ್ಬಿಣ ತಾಗಿದ ಮೇಲೆ ಗುದ್ದಲಿ ಬಿಟ್ಟು ಬೆರಳಿನಿಂದ ಮಣ್ಣು ಸರಿಸಿದಳು. ತುಕ್ಕು ಹಿಡಿದು ಉಬ್ಬಿದ ಒಂದು ತುಂಡು ಬಂತು. ಹೆಬ್ಬೆರಳಿನಿಂದ ಉಜ್ಜಿದಳು. ಚಪ್ಪಟೆಯಾಗಿ, ಅರ್ಧಚಂದ್ರದ ಹಾಗೆ ಬಾಗಿದ್ದು, ಅಂಚಿನಲ್ಲಿ ಮೊಳೆ ಹೊಡೆದ ತೂತುಗಳು.

"ಲಾಳ," ಎಂದಳು. ಆಮೇಲೆ ಜೋರಾಗಿ, "ಲಾಳ ಕಣವ್ವ! ಎತ್ತಿನ್ ಲಾಳ! ನಮ್ ಕರಿಯಂದು. ಆವಾಗ ಅವನೊಬ್ನೇ ನಮ್ಮಟ್ಟೀಲಿ ಲಾಳ ಕಟ್ಟಿಸ್ಕಂಡಿದ್ದೋನು." ನೆನಪು ಮಾಡಿಕೊಳ್ಳುವವಳಂತೆ ಹಣೆ ಸುಕ್ಕಾಯಿತು. "ಇದು ನಾನು ಕೊಟ್ಟಿದ್ದಲ್ಲ. ನಮ್ಮತ್ತೆ ತಾನೇ ಮಡಗವ್ಳೆ."

ಇಬ್ಬರೂ ಮಿಕ್ಕ ನಾಲ್ಕು ಬಾವುಟಗಳನ್ನು ನೋಡಿದರು. ಪಾರ್ವತಮ್ಮನ ಕೈ ಗುದ್ದಲಿಯ ಮೇಲೆ ಹೋಯಿತು, ಅಲ್ಲೇ ನಿಂತಿತು.

"ಇವ್ನೂ ನೋಡ್ಬೇಕಾ ನಿನಗೆ?"

ಈ ಪ್ರಶ್ನೆಗೆ ಏನು ಉತ್ತರ ಕೊಡಬೇಕೆಂದು ಸ್ಮೃತಿಯ ಗುರುಗಳು ಕಲಿಸಿರಲಿಲ್ಲ. ನೋಡದೆ ಬಿಟ್ಟರೆ ನಕ್ಷೆಯಲ್ಲಿ ನಾಲ್ಕು ಕಡೆ ಏನೂ ಬರೆಯುವಂತಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಅಡಗಿ ಕೂತ ಪಡೆ ಹಾಗೇ ಉಳಿಯುತ್ತದೆ. ವಾದ ಉಳಿಯುತ್ತದೆ, ತಲೆಬರಹ ಉಳಿಯುತ್ತದೆ. ಇಲ್ಲಿ ನಡೆದದ್ದು ಇಬ್ಬರನ್ನು ಬಿಟ್ಟರೆ ಯಾರಿಗೂ ತಿಳಿಯುವುದಿಲ್ಲ.

"ನನಗೆ ಬೇಡಮ್ಮ. ನಿಮಗೆ?"

ಪಾರ್ವತಮ್ಮ ಗುದ್ದಲಿಯಿಂದ ಕೈ ತೆಗೆದಳು. "ಬ್ಯಾಡ. ಒಂದು ನೋಡಾಯ್ತು, ಸಾಕು." ಲಾಳವನ್ನು ಮತ್ತೆ ಗುಣಿಯಲ್ಲಿಟ್ಟು ಮಣ್ಣು ಎಳೆದು ಅಂಗೈಯಿಂದ ತಟ್ಟಿದಳು, ಮಲಗಿದ ಮಗುವನ್ನು ತಟ್ಟುವ ಹಾಗೆ. "ಬರ್ಕೊಳಾದಿದ್ರೆ ಬರ್ಕೊ. ಆದ್ರೆ ನಿಮ್ಮೋರು ಯಾರೂ ಇಲ್ಲಿ ಅಗೀಬಾರ್ದು. ನಮ್ಮೆಜಮಾನ್ರ ಸಹಿ ಇದ್ರೂ ಅಗೀಬಾರ್ದು."

ಸ್ಮೃತಿ ಅಲ್ಲೇ ಕೂತು ಮೂರ್ತಿ ಸರ್‌ಗೆ ಫೋನು ಮಾಡಿದಳು. ಎದ್ದು ದೂರ ಹೋದರೆ ಮನಸ್ಸು ಬದಲಾದೀತು ಎಂದು ಭಯವಾಗಿತ್ತು. ಮೊದಲು ಪಾರ್ವತಮ್ಮನ ನೆನಪಿನ ಪರೀಕ್ಷೆಯ ಅಂಕಿಗಳನ್ನು ಹೇಳಿದಳು. ಅವರು ನಂಬದೆ ಮತ್ತೊಮ್ಮೆ ಹೇಳಿಸಿಕೊಂಡರು. ಅಳತೆಯ ತಪ್ಪು ಇಷ್ಟಿಷ್ಟು ಎಂದು ಬರೆದು ಬಳಸಬಹುದು, ಜಾಗ ಸಿಕ್ಕ ತುಂಡುಗಳು ನೂರು ದಾಟಿದರೆ ನಕ್ಷೆಯನ್ನು ನಂಬಬಹುದು ಎಂದರು. ಅವರ ಧ್ವನಿಯಲ್ಲಿ ಎರಡು ದಿನಗಳಿಂದ ಇರದಿದ್ದ ಗೆಲುವು ಬಂತು.

"ಬಡಗಣ ಬದುವಿನ ಐದು ಉಳಿದಿವೆಯಾ? ಅವು ಮುಖ್ಯ."

"ಉಳಿದಿವೆ ಸರ್. ಅವು ಕಾಳಗದವಲ್ಲ. ನಲವತ್ತೊಂದು ವರ್ಷದ ಹಿಂದೆ ಇಟ್ಟವು."

"ಯಾರು ಹೇಳಿದ್ದು?"

"ಇಟ್ಟವರೇ. ಪಕ್ಕದಲ್ಲೇ ಇದ್ದಾರೆ."

"ತೆಗೆದು ನೋಡಿದೆಯಾ?"

"ಒಂದು ನೋಡಿದೆವು. ಎತ್ತಿನ ಲಾಳ. ಮಿಕ್ಕ ನಾಲ್ಕು ತೆಗೆಯಲ್ಲ ಸರ್."

"ಆ ನಾಲ್ಕು ಬಾಣವೇ ಇರಬಹುದಲ್ಲಮ್ಮ."

"ಇರಬಹುದು ಸರ್. ಆದರೂ ಜಾಗ ಅವುಗಳದ್ದಲ್ಲ."

"ಹಾಗಾದರೆ ಹಿಂದಿನಿಂದ ಬಂದ ಪಡೆ ಇಲ್ಲ."

"ಇಲ್ಲ ಸರ್."

"ಸಂಕಿರಣದವರಿಗೆ ಏನು ಹೇಳುತ್ತೀ?"

"ತಲೆಬರಹ ಬದಲಾಯಿಸುತ್ತೇನೆ," ಎಂದಳು. ಹೊಸದು ಏನೆಂದು ಅವಳಿಗೆ ಗೊತ್ತಿರಲಿಲ್ಲ.

ಫೋನು ಮಾತಿನ ಅರ್ಧ ಪಾರ್ವತಮ್ಮನಿಗೆ ಅರ್ಥವಾಗಿತ್ತೋ ಇಲ್ಲವೋ. ಅವಳು ಆಗಲೇ ಎದ್ದು ಸೀರೆ ಕೊಡವಿಕೊಳ್ಳುತ್ತಿದ್ದಳು. ಸ್ಮೃತಿ ಮಂಡಿಯೂರಿ ಐದೂ ಬಾವುಟಗಳನ್ನು ತಾನೇ ಕಿತ್ತಳು. ಕಿತ್ತ ಕಡ್ಡಿಯ ತೂತುಗಳನ್ನು ಒಂದೊಂದಾಗಿ ಹೆಬ್ಬೆರಳಿನಿಂದ ಒತ್ತಿ ಮುಚ್ಚಿದಳು.